ಲಾಟರಿಗೆ ಮುಂಚಿನ ಕೆಲಸ

ವಾಷಿಂಗ್ಟನ್ ಡಿಸಿಯ ಒಂದು ಚಾರ್ಟರ್ ಪ್ರೀಸ್ಕೂಲಿನಲ್ಲಿ ಅಡ್ಮಿಷನ್ ನೋಡಿಕೊಳ್ಳುವುದು ನನ್ನ ಕೆಲಸ. ಚಾರ್ಟರ್ ಅಂದರೆ ಸರ್ಕಾರದ ದುಡ್ಡಿನಲ್ಲಿ ಸ್ವತಂತ್ರ ಮಂಡಳಿ ನಡೆಸುವ ಶಾಲೆ. ಫೀಸಿಲ್ಲ, ಇಂಟರ್‌ವ್ಯೂ ಇಲ್ಲ. ಸೆಪ್ಟೆಂಬರ್ 30ಕ್ಕೆ ಮೂರು ವರ್ಷ ತುಂಬಿದ್ದರೆ ನಗರದ ಯಾವ ಮೂಲೆಯ ಮಗುವಾದರೂ ಅರ್ಜಿ ಹಾಕಬಹುದು. ಸೀಟಿಗಿಂತ ಅರ್ಜಿ ಜಾಸ್ತಿಯಾದರೆ ಲಾಟರಿ.

ಲಾಟರಿ ಇದೆಯಲ್ಲ, ಎಲ್ಲ ಥರದ ಮನೆಯ ಮಕ್ಕಳೂ ತಾವಾಗೇ ಬರುತ್ತಾರೆ ಅಂತ ಹಲವರು ಅಂದುಕೊಂಡಿದ್ದಾರೆ. ಬರುವುದಿಲ್ಲ. ಅರ್ಜಿ ಹಾಕಿದವರ ಹೆಸರು ಮಾತ್ರ ತಾನೇ ಲಾಟರಿಯಲ್ಲಿರುವುದು? ಅದರ ಮೇಲೆ, ಈಗಾಗಲೇ ಓದುತ್ತಿರುವ ಮಕ್ಕಳ ತಮ್ಮ ತಂಗಿಯರಿಗೆ ಆದ್ಯತೆ ಬೇರೆ. ಹೋದ ವರ್ಷ ಯಾವ ಮನೆಗಳಿಂದ ಬಂದಿದ್ದರೋ ಈ ವರ್ಷವೂ ಹೆಚ್ಚುಕಮ್ಮಿ ಅಲ್ಲಿಂದಲೇ.

ಹಾಗಾಗಿ ಚಳಿಗಾಲವಿಡೀ ನಾನು ಶಾಲೆಯ ಹೊರಗೇ ಜಾಸ್ತಿ ಇರುತ್ತೇನೆ. ಅನಕೋಸ್ಟಿಯಾ ನದಿಯ ಆಚೆ ದಡದಲ್ಲಿ ಕಡಿಮೆ ಆದಾಯದ ಕರಿಯರ ಕುಟುಂಬಗಳು ಬಹಳ. ಅಲ್ಲಿನ, ಜನ ತಮ್ಮ ಬಟ್ಟೆ ತಾವೇ ಮೆಷಿನ್ನಿಗೆ ಹಾಕಿ ಒಗೆದುಕೊಳ್ಳುವ ಲಾಂಡ್ರಿಯಲ್ಲಿ ಹೋಗಿ ಕೂರುತ್ತೇನೆ. ಮೆಷಿನ್ ತಿರುಗುವಷ್ಟು ಹೊತ್ತು ಎಲ್ಲರಿಗೂ ಬಿಡುವು. ಅವರದೇ ಫೋನಿನಲ್ಲಿ ಅರ್ಜಿ ತುಂಬಿಸುತ್ತೇನೆ. ಪಾಂಪ್ಲೆಟ್ ಹಂಚುವುದನ್ನು ಬಿಟ್ಟೇಬಿಟ್ಟೆ, ಸುಮ್ನೆ ಕಾಗದ ದಂಡ. ಇಥಿಯೋಪಿಯಾದವರಿರುವ ಕಡೆಗೆ ಅಮ್ಹಾರಿಕ್ ಮಾತಾಡುವ ನಮ್ಮ ಶಾಲೆಯ ಒಬ್ಬ ತಾಯಿಯನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನಡೆಯುವುದು ಅವರ ಮಾತು, ನನ್ನದಲ್ಲ.

ಲಾಂಡ್ರಿಯಲ್ಲಿ ಒಬ್ಬ ಅಜ್ಜಿ ಅರ್ಜಿಯನ್ನು ಅರ್ಧಕ್ಕೇ ಬಿಟ್ಟು ಫೋನ್ ಕೆಳಗಿಟ್ಟರು. "ಮೊಮ್ಮಗಳು ನನ್ನ ಹತ್ತಿರಾನೇ ಇರೋದು. ಆದ್ರೆ ಕೋರ್ಟ್ ಕಾಗದ ಏನೂ ಇಲ್ಲ" ಅಂದರು. ತಂದೆತಾಯಿಯ ಬದಲು ಮಗುವನ್ನು ಸಾಕುತ್ತಿರುವವರಿಗೆಂದೇ ಬೇರೆ ಫಾರಂ ಇದೆ. ಅದನ್ನು ತೋರಿಸಿದ ಮೇಲೆ ಅರ್ಜಿ ಮುಗಿಸಿದರು. ಈಗ ಯಾರೂ ಕೇಳುವ ಮುಂಚೆಯೇ ಆ ಫಾರಂ ವಿಷಯ ಹೇಳಿಬಿಡುತ್ತೇನೆ.

ಇನ್ನೊಂದು ದಾರಿ 2022–23ರ ಶಾಲಾ ವರ್ಷಕ್ಕೆ ತೆರೆಯಿತು. ಮನೆಯಿಲ್ಲದ ಅಥವಾ ಸರ್ಕಾರದ ಆಹಾರ ನೆರವು ಪಡೆಯುವ ಕುಟುಂಬಗಳ ಮಕ್ಕಳಿಗೆ ಶಾಲೆಗಳು ಲಾಟರಿಯಲ್ಲಿ ಆದ್ಯತೆ ಕೊಡಬಹುದು. ಭಾರತದ ಖಾಸಗಿ ಶಾಲೆಗಳ ಶೇ. 25ರ ಆರ್‌ಟಿಇ ಸೀಟಿನ ಹಾಗೆ ಕಡ್ಡಾಯವಲ್ಲ, ಶಾಲೆಗೆ ಬಿಟ್ಟದ್ದು. ನಮ್ಮ ಮಂಡಳಿಯನ್ನು ಒಪ್ಪಿಸಲು ನಾನು ಭಾಷಣ ಮಾಡಲಿಲ್ಲ. ಅರ್ಜಿಗಳು ಯಾವ ಬಡಾವಣೆಯಿಂದ ಬಂದಿವೆ ಅಂತ ನಗರದ ನಕ್ಷೆಯ ಮೇಲೆ ಗುರುತು ಹಾಕಿ ಮೇಜಿನ ಮೇಲಿಟ್ಟೆ. ನದಿಯಾಚೆ ಖಾಲಿ ಖಾಲಿ. ಒಪ್ಪಿದರು.

ಬಸ್ಸಿನದೇ ತಲೆನೋವು. ಇಲ್ಲಿ ಸಾಮಾನ್ಯ ಮಕ್ಕಳಿಗೆ ಸ್ಕೂಲ್ ಬಸ್ ಇಲ್ಲ. ಅರ್ಜಿಯಲ್ಲಿ 12 ಶಾಲೆಗಳವರೆಗೆ ಬರೆಯಬಹುದು. ಅವನ್ನು ಇಷ್ಟದ ಕ್ರಮದಲ್ಲಿ ಜೋಡಿಸುವ ಮುಂಚೆ ಬೆಳಗ್ಗೆ ಏಳೂವರೆಗೆ ಮಗುವಿನ ಜೊತೆ ಒಮ್ಮೆ ಸಿಟಿ ಬಸ್ ಹತ್ತಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ, ನಮ್ಮ ಶಾಲೆ ಪಟ್ಟಿಯಲ್ಲಿ ಕೆಳಗಿಳಿದರೂ ಸರಿ.