‘ದಿ ಕ್ರೈ ಆಫ್ ದಿ ಚಿಲ್ಡ್ರನ್’ ಓದುವ ಬಗೆ

ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ಈ ಕವನ (‘ಮಕ್ಕಳ ಅಳಲು’ ಎಂದರ್ಥ) 1843ರ ಆಗಸ್ಟ್‌ನಲ್ಲಿ ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ಬಂತು. ಗಣಿ, ಗಿರಣಿಗಳ ಬಾಲಕಾರ್ಮಿಕರ ಕುರಿತು ಸರ್ಕಾರಿ ಆಯೋಗಕ್ಕಾಗಿ ಆರ್. ಎಚ್. ಹಾರ್ನ್ ಬರೆದ ವರದಿ ಇದರ ಹಿಂದಿದೆ. ಅಷ್ಟು ತಿಳಿದರೆ ಸಾಕು, ಕವನಕ್ಕೆ ಹೋಗಿ.

ಮೊದಲು ಒಂದು ಸಲ ಗಟ್ಟಿಯಾಗಿ ಓದಿ. ಆರಂಭದ ನಾಲ್ಕು ಸಾಲುಗಳ ಕೊನೆಯ ಪದಗಳಿಗೆ ಗೆರೆ ಎಳೆಯಿರಿ: ಬ್ರದರ್ಸ್, ಇಯರ್ಸ್, ಮದರ್ಸ್, ಟಿಯರ್ಸ್. ಉದ್ದ ಸಾಲು ಮೆತ್ತಗೆ ಜಾರಿ ಮುಗಿಯುತ್ತದೆ, ಗಿಡ್ಡ ಸಾಲು ತಟ್ಟನೆ ನಿಲ್ಲುತ್ತದೆ. ಆ ತಡೆಯನ್ನು ನುಂಗಿ ಒಂದೇ ಉಸಿರಿಗೆ ಓದಿದರೆ ಕವನ ಬರಿಯ ಗೋಳಾಟವಾಗಿ ಕೇಳುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಎರಡನೇ ಓದಿನಲ್ಲಿ ಅಂಚಿಗೆ ಗುರುತು ಹಾಕಿ: ಮಾತಾಡುತ್ತಿರುವುದು ಕವಿಯೋ, ಮಕ್ಕಳೋ? ಉದ್ಧರಣ ಚಿಹ್ನೆಗಳನ್ನು ಕಡೆಗಣಿಸಿದರೆ ಮಕ್ಕಳ ದಣಿವು ಕವಿಯ ಕನಿಕರದಲ್ಲಿ ಕರಗಿಹೋಗುತ್ತದೆ.

ಕವನದಲ್ಲಿ ಗಿರಣಿಯ ಗಾಲಿಗಳು ಬರುವ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಅಲ್ಲಿ ‘ಟರ್ನ್’ ಎಂಬ ಕ್ರಿಯಾಪದ ಸಾಲಿನ ಮೊದಲಿಗೇ ಬಂದು ಕೂರುತ್ತದೆ. ಕಿಟಕಿಯ ಆಕಾಶ ತಿರುಗುತ್ತದೆ, ಗೋಡೆಯ ಮೇಲಿಳಿದ ಬೆಳಕು ತಿರುಗುತ್ತದೆ, ಚಾವಣಿಯ ಕರಿನೊಣಗಳೂ ತಿರುಗುತ್ತವೆ. ಆ ಮೊದಲ ಪದಕ್ಕೆ ಒತ್ತು ಕೊಟ್ಟೇ ಓದಿ. ಯಂತ್ರದ ಲಯ ಮಗುವಿನ ತಲೆಯೊಳಗೆ ಹೊಕ್ಕಿರುವುದು ಆಗಲೇ ಕಿವಿಗೆ ತಾಗುವುದು. ನನ್ನ ಮಟ್ಟಿಗೆ ಕವನದ ಜೀವ ಇಲ್ಲಿದೆ.

ಪ್ರಾರ್ಥನೆಯ ಭಾಗವನ್ನು ಬರಿಯ ಭಕ್ತಿ ಎಂದು ಓದಬೇಡಿ. ಆ ಮಕ್ಕಳಿಗೆ ಗೊತ್ತಿರುವುದು ‘ಅವರ್ ಫಾದರ್’ (ನಮ್ಮ ತಂದೆಯೇ) ಎಂಬ, ಕ್ರೈಸ್ತ ಪ್ರಾರ್ಥನೆಯ ಮೊದಲ ಎರಡೇ ಪದ. ಮಧ್ಯರಾತ್ರಿಯ ಭಯಕ್ಕೆ ಅದನ್ನೇ ಮಂತ್ರದಂತೆ ಮೆಲ್ಲಗೆ ಹೇಳಿಕೊಳ್ಳುತ್ತಾರೆ.