ನಾಲ್ಕು ಮ್ಯಾಟ್, 20 ಮಕ್ಕಳು: ಶಾಲೆಯ ಹಾಲ್‌ನಲ್ಲೇ ಜಿಮ್ನಾಸ್ಟಿಕ್ಸ್

ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಫ್ಲೋರ್, ಅಂದರೆ ನೆಲದ ಕಸರತ್ತಿನ ಅಂಕಣ, 12 ಮೀಟರ್ ಉದ್ದ, ಅಷ್ಟೇ ಅಗಲ. ಅಷ್ಟು ಜಾಗವಿಲ್ಲವೆಂದು ಶಾಲೆಗಳು ಮೊದಲೇ ಕೈಚೆಲ್ಲುತ್ತವೆ. ಆದರೆ ಎಂಟು–ಹತ್ತು ವರ್ಷದ ಮಕ್ಕಳು ಮೊದಲ ವರ್ಷ ಕಲಿಯಬೇಕಾದದ್ದಕ್ಕೆ ಪ್ರಾರ್ಥನೆಯ ಹಾಲ್ ಸಾಕು. ತರಗತಿಯನ್ನು ನಿಜವಾಗಿ ಹಾಳು ಮಾಡುವುದು ಸಾಲು. ಒಂದು ಮಗು ಉರುಳುತ್ತದೆ, ಉಳಿದವರು ಕೈಕಟ್ಟಿ ನಿಂತಿರುತ್ತಾರೆ.

ಹಾಗಾಗಿ ಮೊದಲು ಸಾಲು ಮುರಿಯಿರಿ. ಐದೈದು ಮಕ್ಕಳ ನಾಲ್ಕು ಗುಂಪು ಮಾಡಿ, ನಾಲ್ಕು ಮೂಲೆಗೆ ಕಳಿಸಿ, ಆರೇಳು ನಿಮಿಷಕ್ಕೊಮ್ಮೆ ಸೀಟಿ ಊದಿ ಮೂಲೆ ಬದಲಿಸಿ. ಮೇಷ್ಟ್ರು ಕೈಕೊಟ್ಟು ಹಿಡಿಯಬೇಕಾದ ಕಸರತ್ತು ಒಂದೇ ಮೂಲೆಯಲ್ಲಿರಲಿ. ಗೋಡೆಗೆ ಬೆನ್ನು ಮಾಡಿ ಅಲ್ಲೇ ನಿಂತರೆ ಇಡೀ ಹಾಲ್ ಕಣ್ಣಿಗೆ ಬೀಳುತ್ತದೆ.

ಆ ಮೂಲೆ ಮುಂದುರುಳುವುದಕ್ಕೆ. ಎರಡು ಮ್ಯಾಟ್ ಸಂದಿಯಿಲ್ಲದಂತೆ ಜೋಡಿಸಿ. ಗದ್ದ ಎದೆಗೆ ತಾಗಿರಬೇಕು, ಭಾರ ಅಂಗೈ ಮೇಲೆ, ನೆಲಕ್ಕೆ ಮೊದಲು ಸೋಕುವುದು ಭುಜದ ಹಿಂಭಾಗ. ನೆತ್ತಿ ಊರುವ ಮಗುವನ್ನು ತಕ್ಷಣ ನಿಲ್ಲಿಸಿ.

ಎರಡನೆಯದು ಇಳಿಯುವ ಮೂಲೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪಾಠ. ಒಂದಡಿ ಎತ್ತರದ ಗಟ್ಟಿ ಮಣೆಯಿಂದ ಮ್ಯಾಟ್ ಮೇಲೆ ಜಿಗಿಯಲಿ. ಪಾದಗಳೆರಡೂ ಒಟ್ಟಿಗೆ ಊರಬೇಕು, ಮಂಡಿ ಬಾಗಿ ಪಾದದ ನೇರಕ್ಕಿರಬೇಕು, ಕೈ ಮುಂದೆ. ಮೂರು ಎಣಿಸುವವರೆಗೂ ಕದಲಬಾರದು. ಮಂಡಿ ಒಳಕ್ಕೆ ವಾಲಿದರೆ ಎತ್ತರ ಇಳಿಸಿ. ಮನೆಯ ಸ್ಪಂಜಿನ ಹಾಸಿಗೆ ತರಬೇಡಿ. ಪಾದ ಹೂತು ಕಣಕಾಲು ಉಳುಕುತ್ತದೆ. ಬದಲಿಗೆ, ಶಾಲೆಯಲ್ಲಿ ಉದ್ದ ಜಿಗಿತದ ಮರಳುಗುಂಡಿ ಇದ್ದರೆ ಗುದ್ದಲಿಯಿಂದ ಕೆದಕಿ, ಕಲ್ಲು–ಗಾಜು ಆರಿಸಿ, ಅಲ್ಲಿ ಜಿಗಿಸಿ.

ಮೂರನೆಯದಕ್ಕೆ ಬಣ್ಣದ ಟೇಪ್ ಸಾಕು. ಜಿಮ್ನಾಸ್ಟರು ಸಮತೋಲನ ತೋರುವ ಕಿರಿದಾದ ತೊಲೆ, ಬೀಮ್‌ನ ಅಗಲ 10 ಸೆಂಟಿಮೀಟರ್; ನೆಲದ ಮೇಲೆ ಅಷ್ಟೇ ಅಗಲದ ಪಟ್ಟಿ ಅಂಟಿಸಿ ನಡೆಸಿ, ತಿರುಗಿಸಿ, ಒಂಟಿಕಾಲಲ್ಲಿ ನಿಲ್ಲಿಸಿ. ನಾಲ್ಕನೆಯ ಮೂಲೆಯಲ್ಲಿ ಅಂಗೈ ಊರಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಮಾತ್ರ ಪಾದ ಏರಿಸಲಿ. ಮುಂದೆ ಹ್ಯಾಂಡ್‌ಸ್ಟ್ಯಾಂಡ್‌ಗೆ, ಅಂದರೆ ಅಂಗೈ ಮೇಲೆ ತಲೆಕೆಳಗಾಗಿ ನಿಲ್ಲುವುದಕ್ಕೆ, ಬೇಕಾದ ಭುಜದ ಶಕ್ತಿ ಇಲ್ಲೇ ಬರುತ್ತದೆ.

ಸಲಕರಣೆ ಇಲ್ಲವೆಂಬ ಕೊರಗು ತ್ರಿಪುರಾದ ಅಗರ್ತಲಾದಲ್ಲೂ ಇತ್ತು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ಫೈನಲ್‌ನಲ್ಲಿ 15.066 ಅಂಕದೊಂದಿಗೆ ನಾಲ್ಕನೆಯವರಾದ ದೀಪಾ ಕರ್ಮಾಕರ್, ಆರಂಭದಲ್ಲಿ ಕೋಚ್ ಬಿಶ್ವೇಶ್ವರ್ ನಂದಿ ಹಳೆಯ ಸ್ಕೂಟರ್ ಬಿಡಿಭಾಗಗಳಿಂದ ಹೊಂದಿಸಿಕೊಟ್ಟ ಸಲಕರಣೆಯಲ್ಲಿ ಅಭ್ಯಾಸ ಮಾಡಿದವರು. ನಂದಿ ಸ್ವತಃ ಜಿಮ್ನಾಸ್ಟ್ ಆಗಿದ್ದವರು ಎಂಬುದನ್ನು ಮರೆಯಬಾರದು. ಈ ಸ್ಕೂಟರ್ ಕತೆ ಕೇಳಿ ಟೈರು, ಸ್ಪ್ರಿಂಗು ಕಟ್ಟಿ ಮಕ್ಕಳನ್ನು ಹಾರಿಸಲು ಹೋಗಬೇಡಿ.

ಫೋನಿನಲ್ಲಿ ನೋಡಿದ ಲಾಗ ಹಾಕಬೇಕೆಂಬ ಆಸೆ ಮಕ್ಕಳಿಗೆ ಮೊದಲ ವಾರವೇ ಹುಟ್ಟುತ್ತದೆ. ಈ ಹಾಲ್‌ನಲ್ಲಿ ಅದು ಬೇಡವೇ ಬೇಡ. ಸ್ಪಂಜಿನ ಗುಂಡಿ ಮತ್ತು ತರಬೇತಾದ ಕೋಚ್ ಇರುವ ಕೇಂದ್ರಕ್ಕೆ ಕಳಿಸಿ. ಶಾಲೆ ದುಡ್ಡು ಕೊಟ್ಟರೆ ಇನ್ನೆರಡು ಮ್ಯಾಟ್ ಕೊಳ್ಳಿ, ಆಮೇಲೆ ನೆಲಮಟ್ಟದ ಮರದ ಬೀಮ್. ಮೇಲಕ್ಕೆ ಚಿಮ್ಮಿಸುವ ಸ್ಪ್ರಿಂಗ್‌ಬೋರ್ಡ್ ಕೊನೆಗೆ.