ಎಂಟು ಕೋರ್ ಹಾಕಿದ ಮೇಲೆ ಪ್ರೋಗ್ರಾಂ ಇನ್ನೂ ನಿಧಾನವಾಯಿತು: ಮಲ್ಟಿಕೋರ್ ಕಲಿತ ನನ್ನ ಅನುಭವ

ಮಲ್ಟಿಕೋರ್ ವಿನ್ಯಾಸದ ಬಗ್ಗೆ, ಅಂದರೆ ಒಂದೇ ಚಿಪ್‌ನಲ್ಲಿ ಹಲವು ಕೋರ್ (ಲೆಕ್ಕ ಮಾಡುವ ಘಟಕ) ಇಡುವುದರ ಬಗ್ಗೆ, ಓದಿದ್ದು ಬಹಳ, ಆದರೆ ಅದು ತಲೆಗೆ ಹೋಗಿದ್ದು ಒಂದು ಸಣ್ಣ ಪ್ರೋಗ್ರಾಂ ಕೈಕೊಟ್ಟ ಮೇಲೆ. ದೊಡ್ಡ ಫೈಲ್ ಒಂದನ್ನು ಓದಿ ಒಂದು ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವುದು, ಅಷ್ಟೇ ಅದರ ಕೆಲಸ. ಎಂಟು ಕೋರ್ ಇವೆಯಲ್ಲ, ಸುಮ್ನೆ ಯಾಕೆ ಬಿಡಬೇಕು ಅಂತ ಕೆಲಸವನ್ನು ಒಟ್ಟಿಗೇ ಓಡುವ ಎಂಟು ಥ್ರೆಡ್‌ಗೆ ಹಂಚಿದೆ. ಒಂದೊಂದಕ್ಕೂ ಬೇರೆ ಕೌಂಟರ್ ಕೊಟ್ಟೆ, ಹಾಗಾಗಿ ಲಾಕ್ (ಒಂದು ಥ್ರೆಡ್ ಬರೆಯುವಾಗ ಉಳಿದವನ್ನು ತಡೆಯುವ ಬೀಗ) ಕೂಡ ಬೇಕಿರಲಿಲ್ಲ. ಓಡಿಸಿದರೆ ಒಂದೇ ಥ್ರೆಡ್‌ಗಿಂತ ನಿಧಾನ!

ಎರಡು ದಿನ ಕೋಡ್ ನೋಡಿದ್ದೇ ಬಂತು, ತಪ್ಪು ಕಾಣಲಿಲ್ಲ. ತಪ್ಪು ಇದ್ದಿದ್ದು ಕೋಡ್‌ನ ತರ್ಕದಲ್ಲಲ್ಲ, ಕೌಂಟರ್‌ಗಳು ಮೆಮೊರಿಯಲ್ಲಿ ಕೂತ ಜಾಗದಲ್ಲಿ. ಒಂದು ಕೌಂಟರ್‌ಗೆ 8 ಬೈಟ್, ಕ್ಯಾಶ್ ಲೈನ್‌ಗೆ 64 ಬೈಟ್. ಕ್ಯಾಶ್ ಅಂದರೆ ಕೋರ್‌ನ ಪಕ್ಕದಲ್ಲೇ ಇರುವ ವೇಗದ ಮೆಮೊರಿ, ಅದಕ್ಕೆ ಒಂದು ಸಲಕ್ಕೆ ಬರುವ ತುಂಡೇ ಲೈನ್. ಅಂದರೆ ಎಂಟೂ ಕೌಂಟರ್ ಒಂದೇ ಲೈನ್‌ನಲ್ಲಿ ಕೂತಿದ್ದವು. ಒಂದು ಕೋರ್ ತನ್ನದನ್ನು ಬರೆಯಬೇಕಾದರೆ ಉಳಿದ ಏಳರ ಬಳಿ ಇರುವ ಪ್ರತಿ ರದ್ದಾಗಬೇಕು, ಆಮೇಲೆ ಪಕ್ಕದ ಕೋರ್ ಬರೆಯಬೇಕಾದರೆ ಲೈನ್ ಅಲ್ಲಿಗೆ ಓಡಬೇಕು. ಇದಕ್ಕೆ ಫಾಲ್ಸ್ ಶೇರಿಂಗ್ ಅನ್ನುತ್ತಾರೆ. ಯಾರೂ ಏನನ್ನೂ ಹಂಚಿಕೊಳ್ಳುತ್ತಿಲ್ಲ, ಆದರೂ ಜಗಳ. ಲಿನಕ್ಸ್‌ನ ಪರ್ಫ್ ಟೂಲ್‌ನಲ್ಲಿ ಸಿ2ಸಿ ಅಂತ ಒಂದು ಆಯ್ಕೆ ಇದೆ, ಯಾವ ಲೈನ್‌ಗಾಗಿ ಕಿತ್ತಾಟ ನಡೆದಿದೆ ಎಂದು ಅದು ನೇರವಾಗಿ ತೋರಿಸಿತು. ಕೌಂಟರ್‌ಗಳ ನಡುವೆ ಖಾಲಿ ಜಾಗ ಬಿಟ್ಟೆ, ಸರಿಹೋಯಿತು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಆ ಲೈನ್ ಹೇಗೆ ಓಡಾಡುತ್ತದೆ ಎಂದು ನೋಡಲೇಬೇಕು ಅನ್ನಿಸಿ ನಾನೇ ಒಂದು ಪುಟ್ಟ ಸಿಮ್ಯುಲೇಟರ್ ಬರೆದೆ. ಕೋರ್‌ಗಳ ಬಳಿ ಇರುವ ಪ್ರತಿಗಳು ಒಂದಕ್ಕೊಂದು ತಾಳೆಯಾಗಿರುವಂತೆ ನೋಡಿಕೊಳ್ಳುವ ಮೆಸಿ ಪ್ರೋಟೋಕಾಲ್‌ನಲ್ಲಿ ಒಂದು ಲೈನ್‌ಗೆ ಇರುವುದು ನಾಲ್ಕೇ ಸ್ಥಿತಿ: ಮಾಡಿಫೈಡ್ (ನನ್ನ ಬಳಿ ಮಾತ್ರ ಇದೆ, ಬದಲಿಸಿದ್ದೇನೆ), ಎಕ್ಸ್‌ಕ್ಲೂಸಿವ್ (ನನ್ನ ಬಳಿ ಮಾತ್ರ ಇದೆ, ಬದಲಿಸಿಲ್ಲ), ಶೇರ್ಡ್ (ಬೇರೆಯವರ ಬಳಿಯೂ ಇರಬಹುದು), ಇನ್ವ್ಯಾಲಿಡ್ (ರದ್ದಾಗಿದೆ). ಒಂದು ಸಂಜೆಯ ಕೆಲಸ ಅಂದುಕೊಂಡೆ, ಮೂರು ವಾರ ಹಿಡಿಯಿತು. ಎರಡು ಕೋರ್ ಒಟ್ಟಿಗೇ 'ನಾನು ಬರೆಯುತ್ತೇನೆ' ಅಂದಾಗ ಎರಡೂ ಮಾಡಿಫೈಡ್ ಸ್ಥಿತಿಗೆ ಹೋಗಿಬಿಡುತ್ತಿದ್ದವು, ಅದು ಆಗಲೇಬಾರದು. ನಾನು ಮರೆತಿದ್ದು ಏನೆಂದರೆ, ಸಂದೇಶ ಹೋಗಿ ಉತ್ತರ ಬರುವುದಕ್ಕೆ ಸಮಯ ಹಿಡಿಯುತ್ತದೆ, ಆ ಮಧ್ಯದಲ್ಲಿ ಲೈನ್ ಅಲ್ಲೂ ಇಲ್ಲ ಇಲ್ಲೂ ಇಲ್ಲ. ಹಾಗಾಗಿ ನಿಜವಾದ ಹಾರ್ಡ್‌ವೇರ್‌ನಲ್ಲಿ ನಾಲ್ಕು ಸ್ಥಿತಿಗಳ ನಡುವೆ 'ಉತ್ತರಕ್ಕೆ ಕಾಯುತ್ತಿದ್ದೇನೆ' ಅನ್ನುವ ಥರದ ಸ್ಥಿತಿಗಳು ಇನ್ನೂ ಎಷ್ಟೋ ಇರುತ್ತವೆ. ಕಷ್ಟ ಇರುವುದೆಲ್ಲ ಅಲ್ಲೇ. ಜೆಮ್5 ಥರದ ದೊಡ್ಡ ಸಿಮ್ಯುಲೇಟರ್‌ನಿಂದಲೇ ಶುರು ಮಾಡಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ, ಬೇರೆಯವರು ಆಗಲೇ ಸರಿಮಾಡಿ ಇಟ್ಟಿರುತ್ತಾರೆ.

ಆಮ್ಡಾಲ್ ನಿಯಮದ (1967) ಬಗ್ಗೆ ಜಾಸ್ತಿ ಹೇಳುವುದಿಲ್ಲ: ಎಷ್ಟೇ ಕೋರ್ ಹಾಕಿದರೂ ಹಂಚಲು ಬಾರದ ಭಾಗವೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ. ಕೆಲಸದ ಶೇ. 10 ಭಾಗ ಒಂದರ ಹಿಂದೆ ಒಂದು ನಡೆಯಲೇಬೇಕಿದ್ದರೆ 8 ಕೋರ್‌ಗೆ ವೇಗ ಹೆಚ್ಚುವುದು 4.7 ಪಟ್ಟು, 64 ಕೋರ್‌ಗೆ ಬರೀ 8.8 ಪಟ್ಟು.

ಇನ್ನು ಕರೆಂಟಿನ ಲೆಕ್ಕ. ನನ್ನ ಮಟ್ಟಿಗೆ ಇದೇ ಹೆಚ್ಚು ರುಚಿಯ ಭಾಗ. ಚಿಪ್ ಕೆಲಸ ಮಾಡುವಾಗ ಎಳೆಯುವ ಪವರ್ ವೋಲ್ಟೇಜ್‌ನ ವರ್ಗಕ್ಕೂ ಕ್ಲಾಕ್‌ಗೂ (ಚಿಪ್‌ಗೆ ಸೆಕೆಂಡಿಗೆ ಎಷ್ಟು ಬಡಿತ ಅನ್ನುವುದು) ಅನುಗುಣ. ವೋಲ್ಟೇಜ್, ಕ್ಲಾಕ್ ಎರಡನ್ನೂ ಶೇ. 20 ಇಳಿಸಿದರೆ 0.8 ಅನ್ನು ಮೂರು ಸಲ ಗುಣಿಸಿ ನೋಡಿ, 0.51. ಪವರ್ ಅರ್ಧಕ್ಕೆ ಬಂತು! ಅಂದರೆ ಒಂದು ಕೋರ್‌ನ ಪವರ್‌ನಲ್ಲಿ ಅಂಥ ಎರಡು ಕೋರ್ ಓಡಿಸಬಹುದು, ಕೆಲಸ ಹಂಚಲು ಬಂದರೆ 1.6 ಪಟ್ಟು ಮುಗಿಯುತ್ತದೆ. ಇಂಟೆಲ್‌ನ ಪೆಂಟಿಯಂ 4 ಚಿಪ್‌ನ ಕ್ಲಾಕ್ 3.8 ಗಿಗಾಹರ್ಟ್ಸ್‌ಗೆ ನಿಂತಿದ್ದು, 2004ರಲ್ಲಿ ಇಂಟೆಲ್ ಅದರ ನಂತರ ಬರಬೇಕಿದ್ದ ಟೇಜಸ್ ಚಿಪ್ ಕೈಬಿಟ್ಟು ಡ್ಯುಯಲ್ ಕೋರ್ ಕಡೆ ತಿರುಗಿದ್ದು ಯಾಕೆ ಅಂತ ನನಗೆ ಅರ್ಥವಾಗಿದ್ದು ಈ ಗುಣಾಕಾರ ಕೈಯಲ್ಲೇ ಮಾಡಿದ ದಿನ.

ಅಳೆದು ನೋಡುವುದೂ ಸುಲಭ. ಇಂಟೆಲ್ ಚಿಪ್‌ಗಳಲ್ಲಿ ಖರ್ಚಾದ ಶಕ್ತಿಯನ್ನು ಎಣಿಸುವ ರಾಪಲ್ ಅನ್ನುವ ಮೀಟರ್ ಇದೆ, ಲಿನಕ್ಸ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಒಂದು ಫೈಲ್ ಓದಿದರೆ ಎಷ್ಟು ಮೈಕ್ರೊಜೂಲ್ ಆಯಿತು ಅಂತ ಸಿಗುತ್ತದೆ. ಒಮ್ಮೆ ನನಗೆ ಮೈನಸ್ ಜೂಲ್ ಬಂತು! ಕರೆಂಟ್ ಉತ್ಪಾದಿಸುವ ಪ್ರೋಗ್ರಾಂ ಬರೆದೆ ಅಂತ ಒಂದು ಕ್ಷಣ ಖುಷಿ. ಆ ಮೀಟರ್ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಹಾಗಾಗಿ ಕೊನೆಯ ಅಂಕೆಯಿಂದ ಮೊದಲಿನದನ್ನು ಕಳೆದಾಗ ಮೈನಸ್ ಬಂದಿತ್ತು, ಅಷ್ಟೇ.

ಆಮೇಲೆ ಎರಡು ಪ್ರೋಗ್ರಾಂಗಳನ್ನು ಕ್ಲಾಕ್ ಇಳಿಸಿ ಓಡಿಸಿದೆ. ಬರೀ ಲೆಕ್ಕ ಮಾಡುವಂಥದ್ದು ಇಳಿಸಿದಷ್ಟೇ ನಿಧಾನವಾಯಿತು. ಅದನ್ನು ತೀರಾ ಇಳಿಸಿದರೆ ಒಟ್ಟು ಜೂಲ್ ಮತ್ತೆ ಏರಿತು, ಯಾಕೆಂದರೆ ಕೆಲಸ ಎಳೆದಷ್ಟೂ ಹೊತ್ತು ಚಿಪ್‌ನ ಸೋರಿಕೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಮೆಮೊರಿಗಾಗಿ ಕಾಯುತ್ತಾ ಕೂರುವ ಇನ್ನೊಂದಕ್ಕೆ ಮಾತ್ರ ಕ್ಲಾಕ್ ಇಳಿಸಿದ್ದು ಗೊತ್ತೇ ಆಗಲಿಲ್ಲ. ಮುಗಿದ ಹೊತ್ತು ಹೆಚ್ಚುಕಡಿಮೆ ಅಷ್ಟೇ, ಕರೆಂಟ್ ಮಾತ್ರ ಉಳಿಯಿತು. ಇಷ್ಟು ದಿನ ಪೂರ್ತಿ ಕ್ಲಾಕ್‌ನಲ್ಲಿ ಓಡಿ ಓಡಿ ಅದು ಕಾದಿದ್ದೇ ಜಾಸ್ತಿ, ಅಲ್ವಾ?